ಗಡ್ಡ ಬೆಳೆಯುವ ಮೊದಲಿನ ಕಿಟ್ಟೆಲ್

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೂರನೇ ನಂಬರಿನ ಟ್ರಾಮ್ ಹತ್ತಿ ಮನೆಗೆ ಹೋಗುತ್ತಿದ್ದೆ. ಇಬ್ಬರು ಹುಡುಗರು ಬಂದು ಎದುರು ಕೂತರು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಟೈ. ಎದೆಯ ಮೇಲೊಂದು ಕಪ್ಪು ಬಿಲ್ಲೆ. ಅದರಲ್ಲಿ ಹೆಸರಿನ ಜೊತೆ ‘ಎಲ್ಡರ್’ ಅಂತ ಬರೆದಿತ್ತು. ಅಂದರೆ ಹಿರಿಯರು. ಹಿರಿಯರಲ್ಲಿ ಒಬ್ಬರಿಗೆ ಮುಖದ ತುಂಬ ಮೊಡವೆ. ಇನ್ನೊಬ್ಬರು ಬೆಳಿಗ್ಗೆ ಗಡ್ಡ ಕೆರೆಯುವಾಗ ಕುತ್ತಿಗೆ ಕೊಯ್ದುಕೊಂಡಿದ್ದರು. ಇಬ್ಬರಿಗೂ 19 ದಾಟಿರಲಿಕ್ಕಿಲ್ಲ.

ಮೊಡವೆಯ ಹುಡುಗ ನನ್ನನ್ನು ನೋಡಿ ನಕ್ಕು ಜರ್ಮನ್‌ನಲ್ಲಿ ಒಂದು ಪ್ರಶ್ನೆ ಕೇಳಿದ. ದೇವರಲ್ಲಿ ನಂಬಿಕೆ ಇದೆಯಾ ಅಂತ ಕೇಳಬೇಕಿತ್ತು ಪಾಪ. ಒಂದು ಸಣ್ಣ ಪದ ಆಚೀಚೆಯಾಗಿ ‘ದೇವರ ಪಕ್ಕದಲ್ಲಿ ನಂಬಿಕೆ ಇದೆಯಾ’ ಅಂತಾಯಿತು. ನನಗೆ ಅದು ಗೊತ್ತಾಗಲು ಕಾರಣವಿತ್ತು. ಹಿಂದಿನ ವಾರವಷ್ಟೇ ಸಂಜೆ ಕ್ಲಾಸಿನಲ್ಲಿ ಅದೇ ತಪ್ಪು ಮಾಡಿ ಟೀಚರ್ ಹತ್ತಿರ ಹೇಳಿಸಿಕೊಂಡಿದ್ದೆ. ಇರಲಿ, ಉತ್ತರ ಕೊಡಬೇಕಲ್ಲ. ‘ನಮ್ಮಲ್ಲಿ ತುಂಬಾ ದೇವರಿದ್ದಾರೆ’ ಅನ್ನಲು ಹೊರಟೆ. ಬಾಯಿಂದ ಬಂದದ್ದು ‘ನಮ್ಮಲ್ಲಿ ದೇವರು ಅತಿಯಾಗಿ ಹೋಗಿದ್ದಾರೆ’. ಹುಡುಗ ಗಂಭೀರವಾಗಿ ತಲೆಯಾಡಿಸಿದ. ಪಕ್ಕದಲ್ಲಿದ್ದ ಸ್ವಿಸ್ ಅಜ್ಜಿಯೊಬ್ಬರು ಕಿಟಕಿಯ ಕಡೆ ತಿರುಗಿಕೊಂಡರು. ನಗು ತಡೆಯಲು ಅಂತ ನನ್ನ ಗುಮಾನಿ.

ಆಮೇಲೆ ಮೂವರೂ ಸೋತು ಇಂಗ್ಲಿಷಿಗೆ ಬಂದೆವು. ಅಮೆರಿಕದ ಯೂಟಾದ ಹುಡುಗರು. ಜನ ಮಾರ್ಮನ್ ಅಂತ ಕರೆಯುವ ಪಂಗಡದವರು. ಗಂಡುಮಕ್ಕಳಿಗೆ ಎರಡು ವರ್ಷದ ಸೇವೆ. ಯಾವ ದೇಶ ಅಂತ ಇವರು ಆರಿಸುವ ಹಾಗಿಲ್ಲ, ಚರ್ಚು ಕಳಿಸಿದಲ್ಲಿಗೆ ಹೋಗಬೇಕು. ಯಾವಾಗಲೂ ಜೋಡಿಯಾಗಿಯೇ ಇರಬೇಕು, ಒಬ್ಬನೇ ಹಾಲು ತರಲೂ ಹೋಗುವ ಹಾಗಿಲ್ಲ. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು ಬಿಡುವು. ಮನೆಗೆ ವಾರಕ್ಕೊಮ್ಮೆ ಫೋನು. 2019ಕ್ಕೆ ಮುಂಚೆ ಅದೂ ಇರಲಿಲ್ಲ. ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೊಂದು, ಅಮ್ಮಂದಿರ ದಿನಕ್ಕೊಂದು.

ನನಗೆ ಆಗ 25. ಕಂಪನಿಯ ಪ್ರಾಜೆಕ್ಟ್ ಮೇಲೆ ಎರಡು ವರ್ಷಕ್ಕೆ ಅಂತ ಬಂದವಳು. ದಿನಕ್ಕೆರಡು ಸಲ ಅಮ್ಮನ ವಿಡಿಯೋ ಕಾಲ್. ಎರಡೂ ಸಲ ಮೊದಲ ಮಾತು ಒಂದೇ: “ಒಣಸ್ ಆಂಡಾ?” ಊಟ ಆಯ್ತಾ ಅಂತ. ಆಯಿತು ಅಂದರೆ ಎಂತ ಊಟ, ತೋರಿಸು ಅನ್ನುವುದು. ಅದು ಕಿರಿಕಿರಿ ಅಂತ ಗೆಳತಿಯರ ಹತ್ತಿರ ಗೊಣಗುತ್ತಿದ್ದೆ. ಈ ಹುಡುಗರ ಲೆಕ್ಕ ಕೇಳಿದ ಮೇಲೆ ಗೊಣಗುವುದು ಸ್ವಲ್ಪ ಕಡಿಮೆ ಮಾಡಿದೆ.

ಎಲ್ಲಕ್ಕಿಂತ ಕಷ್ಟ ಯಾವುದು ಅಂತ ಕೇಳಿದೆ. ಧರ್ಮ, ಶ್ರದ್ಧೆ, ಅಂಥದ್ದೇನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಕುತ್ತಿಗೆ ಕೊಯ್ದುಕೊಂಡವನು ಹೇಳಿದ: “ಊರಲ್ಲಿ ವಾರಗಟ್ಟಲೆ ಕೂತು ಜರ್ಮನ್ ಕಲಿತು ಬಂದೆವು. ಇಲ್ಲಿ ಬಂದು ನೋಡಿದರೆ ಯಾರೂ ಜರ್ಮನ್ ಮಾತಾಡುವುದೇ ಇಲ್ಲ.”

ನಾನು ಜೋರಾಗಿ ನಕ್ಕುಬಿಟ್ಟೆ. ಟ್ರಾಮಿನಲ್ಲಿ ಜೋರಾಗಿ ನಗುವುದು ಅಲ್ಲಿ ಮರ್ಯಾದೆಯಲ್ಲ. ಏನು ಮಾಡುವುದು, ಅದು ನನ್ನದೇ ಗೋಳು. ಬಾಸೆಲ್‌ನವರು ಓದುವುದು, ಬರೆಯುವುದು ಶುದ್ಧ ಜರ್ಮನ್. ಮಾತಾಡುವುದು ಬಾಸೆಲ್ ಜರ್ಮನ್. ಎರಡಕ್ಕೂ ಇರುವ ದೂರ ನೋಡಿದರೆ ಕಲಿತವನಿಗೆ ಅಳು ಬರಬೇಕು. ಕ್ಲಾಸಿನಲ್ಲಿ ‘ಡಾಂಕೆ’ ಅಂತ ಕಲಿತು ಬೇಕರಿಗೆ ಹೋದರೆ ಅಲ್ಲಿ ‘ಮೆರ್ಸಿ ವಿಲ್‌ಮೋಲ್’. ಧನ್ಯವಾದಕ್ಕೆ ಫ್ರೆಂಚಿನಿಂದ ಸಾಲ ತಂದಿದ್ದಾರೆ ಮಾರಾಯ್ರೆ.

ಹುಡುಗರು ಒಂದು ಕಾರ್ಡು ಕೊಟ್ಟು ಇಳಿದು ಹೋದರು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದೆ. ನನ್ನ ಮನೆಯ ಸ್ಟಾಪ್ ಅದಲ್ಲ. ಐದು ತಿಂಗಳಿಂದ ಕಿಟಕಿಯಲ್ಲಿ ನೋಡುತ್ತ ಹೋಗುತ್ತಿದ್ದ ಒಂದು ದೊಡ್ಡ ಹಳೇ ಕಟ್ಟಡ ಅಲ್ಲಿತ್ತು. ರಸ್ತೆಯ ಹೆಸರೇ ಮಿಸಿಯೋನ್‌ಸ್ಟ್ರಾಸೆ, ಮಿಷನ್ ರಸ್ತೆ. ಮಂಗಳೂರಿನವಳಿಗೆ ಆ ಹೆಸರು ಮೊದಲ ದಿನವೇ ತಲೆಗೆ ಹೊಳೆಯಬೇಕಿತ್ತು. ನಮ್ಮಜ್ಜಿ ಮನೆಯ ಮಾಡಿನ ಒಂದೊಂದು ಹಂಚಿನ ಬೆನ್ನ ಮೇಲೂ ‘ಬಾಸೆಲ್ ಮಿಷನ್’ ಅಂತ ಅಚ್ಚಿದೆ. ಸಣ್ಣವಳಿರುವಾಗ ಬಾಸೆಲ್ ಅಂದರೆ ಹಂಚಿನ ಕಂಪನಿಯ ಹೆಸರು ಅಂದುಕೊಂಡಿದ್ದೆ. ಅದೊಂದು ಊರು, ಅಲ್ಲೊಂದು ನದಿ ಇದೆ, ಬೇಸಿಗೆಯಲ್ಲಿ ಜನ ಬಟ್ಟೆಯನ್ನೆಲ್ಲ ನೀರು ಹೋಗದ ಚೀಲಕ್ಕೆ ತುಂಬಿ ಆ ನದಿಯಲ್ಲಿ ತೇಲಿಕೊಂಡು ಹೋಗುತ್ತಾರೆ ಅಂತೆಲ್ಲ ಯಾರಿಗೆ ಗೊತ್ತು.

ಕಟ್ಟಡದಲ್ಲಿ ಈಗ ಹೋಟೆಲ್ ಇದೆ, ಸಭೆ ನಡೆಸುವ ಹಾಲ್‌ಗಳಿವೆ. ಬಾಸೆಲ್ ಮಿಷನ್ ಅಂದರೆ ಪರದೇಶಕ್ಕೆ ಪಾದ್ರಿಗಳನ್ನು ಕಳಿಸುತ್ತಿದ್ದ ಸಂಸ್ಥೆ, ಅದರ ಹಳೇ ಕಾಗದಪತ್ರಗಳ ಸಂಗ್ರಹವೂ ಇದೆ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಆ ಮಿಷನ್ನಿನವರೇ. ‘ಕಿಟ್ಟೆಲ್ ಓದಿದ ಕಟ್ಟಡ’ ಅಂತ ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿದೆ. ಆಮೇಲೆ ಗೊತ್ತಾಯಿತು, ಈ ಕಟ್ಟಡ 1860ರದ್ದು, ಕಿಟ್ಟೆಲ್ ಊರು ಬಿಟ್ಟದ್ದು 1853ರಲ್ಲಿ. ಗ್ರೂಪಿನಲ್ಲಿ ಯಾರೂ ಹಿಡಿಯಲಿಲ್ಲ. ಎಲ್ಲರೂ ಹೂವು, ಕೈಮುಗಿಯುವ ಚಿತ್ರ ಹಾಕಿದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ. ಜರ್ಮನಿಯ ಉತ್ತರದ ಕಡಲ ಕರೆಯ ಈಸ್ಟ್ ಫ್ರಿಸಿಯಾದಲ್ಲಿ. 1850ರಲ್ಲಿ ಬಾಸೆಲ್‌ಗೆ ಓದಲು ಬಂದದ್ದು. 1853ರಲ್ಲಿ ಹಡಗು ಹತ್ತಿದ್ದು. 21 ವರ್ಷ.

ನನ್ನ ತಲೆಯಲ್ಲಿದ್ದ ಕಿಟ್ಟೆಲ್‌ಗೆ ಆ ವಯಸ್ಸೇ ಇರಲಿಲ್ಲ. ಶಾಲೆಯ ಪುಸ್ತಕದಲ್ಲಿ ಕಂಡ ಕಿಟ್ಟೆಲ್‌ಗೆ ಉದ್ದ ಬಿಳಿ ಗಡ್ಡ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆಯೂ ಹಿರಿಯರದ್ದೇ. ಹುಟ್ಟುವಾಗಲೇ ಗಡ್ಡ ಬಿಟ್ಟುಕೊಂಡು, ಕಂಕುಳಲ್ಲಿ ನಿಘಂಟು ಇಟ್ಟುಕೊಂಡು ಬಂದವರ ಹಾಗೆ. ಟ್ರಾಮಿನ ಹುಡುಗನ ಮೊಡವೆ ನೋಡಿದ ಮೇಲೆ ಆ ಚಿತ್ರ ಕೆಟ್ಟಿತು. ಇಲ್ಲಿಂದ ಮುಂದೆ ಕೆಲವು ಕಡೆ ಏಕವಚನದಲ್ಲಿ ಬರೆಯುತ್ತೇನೆ. ಅಗೌರವ ಅಂತ ತಿಳಿಯಬೇಡಿ. ನಿಘಂಟಿನ ಕಿಟ್ಟೆಲ್ ಅವರಿಗೆ ಬಹುವಚನವೇ. ನಾನೀಗ ಹೇಳುತ್ತಿರುವುದು ಕನ್ನಡದಲ್ಲಿ ನೀರು ಕೇಳಲೂ ಬಾರದ ಹುಡುಗನ ಸುದ್ದಿ.

ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ. ಓದಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಪಕ್ಕದ ವ್ಯೂರ್ಟೆಂಬರ್ಗ್‌ನ ರೈತರ, ಬಡಗಿಗಳ, ನೇಕಾರರ ಮಕ್ಕಳು. ಕಿಟ್ಟೆಲ್ ಪಾದ್ರಿಯ ಮಗ, ಆ ಗುಂಪಿನಲ್ಲಿ ಸ್ವಲ್ಪ ಬೇರೆ. ಅಲ್ಲಿ ಗ್ರೀಕ್, ಹೀಬ್ರೂ, ಇಂಗ್ಲಿಷ್ ಎಲ್ಲ ಕಲಿಸುತ್ತಿದ್ದರು. ಜೊತೆಗೆ ಮೈಬಗ್ಗಿಸಿ ಕೆಲಸ. ಶಿಸ್ತು ಅಂದರೆ ಶಿಸ್ತು. ಒಬ್ಬ ತಪ್ಪಿದರೆ ಇನ್ನೊಬ್ಬ ಮೇಲಿನವರಿಗೆ ಬರೆದು ತಿಳಿಸಬೇಕು, ಇದು ಚಾಡಿ ಅಲ್ಲ, ಕರ್ತವ್ಯ. ಪರದೇಶಕ್ಕೆ ಹೋದ ಮೇಲೂ ಇದೇ ಕ್ರಮ. ಅಂದರೆ ಗುರುತು ಪರಿಚಯ ಇಲ್ಲದ ಊರಿನಲ್ಲಿ ನಿಮ್ಮ ಭಾಷೆ ಮಾತಾಡುವ ಒಬ್ಬನೇ ಒಬ್ಬ ಇದ್ದಾನೆ, ಅವನು ನಿಮ್ಮ ಮೇಲೆ ವರದಿ ಬರೆಯುವವನೂ ಹೌದು. ಟ್ರಾಮಿನ ಹುಡುಗರ ಜೋಡಿ ನೆನಪಾಯಿತು. ಅವರ ಕ್ರಮದ ವಿಷಯ ನಾನು ಕೇಳಲಿಲ್ಲ. ಆದರೆ ದಿನದ 24 ಗಂಟೆ ಒಬ್ಬನ ಜೊತೆಯೇ ಇರುವುದು ಅಂದರೆ, ನನಗಂತೂ ಮೂರನೇ ದಿನಕ್ಕೆ ಜಗಳ ಗ್ಯಾರಂಟಿ.

ಹೋಗುವುದು ಸಾಹಸ, ಪ್ರವಾಸ ಅನ್ನುವ ಭ್ರಮೆಯೂ ಯಾರಿಗೂ ಇರಲಿಕ್ಕಿಲ್ಲ. ಇದೇ ಮಿಷನ್ನಿನ ನಾಲ್ವರು 1828ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಇವತ್ತಿನ ಘಾನಾಕ್ಕೆ, ಹೋಗಿದ್ದರು. ಒಂದು ವರ್ಷ ತುಂಬುವ ಮೊದಲೇ ಮೂವರು ತೀರಿಕೊಂಡರು. ನಾಲ್ಕನೆಯವನು 1831ರಲ್ಲಿ. ಈ ಕಥೆ ಕೇಳಿಯೂ ಹುಡುಗರು ಮುಂದಿನ ವರ್ಷ ಹೆಸರು ಬರೆಸುತ್ತಿದ್ದರು. ಅದನ್ನು ಧೈರ್ಯ ಅನ್ನಬೇಕೋ ಹುಚ್ಚು ಅನ್ನಬೇಕೋ, ಈಗಲೂ ನನಗೆ ಗೊತ್ತಾಗುವುದಿಲ್ಲ.

ಭಾರತಕ್ಕೆ ಮೊದಲು ಬಂದವರು ಮೂವರು. ಹೆಬಿಕ್, ಲೆಹ್ನರ್, ಗ್ರೈನರ್. ಇಂಗ್ಲಿಷರಲ್ಲದ ಮಿಷನರಿಗಳಿಗೂ ಬರಲು ಈಸ್ಟ್ ಇಂಡಿಯಾ ಕಂಪನಿಯ 1833ರ ಹೊಸ ಸನ್ನದು ದಾರಿ ಬಿಟ್ಟಿತ್ತು. ಮೂವರೂ 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಇಳಿದರು. ತಿಂಗಳ ಕೊನೆಗೆ ಮಂಗಳೂರಿಗೆ ಬಂದರು. ಅಕ್ಟೋಬರ್ ಕೊನೆಯ ಮಂಗಳೂರು ನಿಮಗೆ ಗೊತ್ತಲ್ವಾ. ಮಳೆ ಹೋಗಿಯೂ ಹೋಗಿಲ್ಲ, ಸೆಕೆ ಬಂದಾಗಿದೆ, ಅಂಗಿ ಮೈಗೆ ಅಂಟುತ್ತದೆ. ಅಂಥದ್ದರಲ್ಲಿ ದಪ್ಪ ಕೋಟು.

ಬಂದವರು ಕನ್ನಡ ಕಲಿಯಲು ಕೂತರು. ಕೋರ್ಟಿನ, ಕಚೇರಿಯ ಭಾಷೆ ಅದು. ಕಷ್ಟಪಟ್ಟು ಕಲಿತು ಬೀದಿಗೆ ಬಂದರೆ ಬೀದಿಯಲ್ಲಿ ತುಳು. ಅಂಗಡಿಯಲ್ಲಿ ಕೊಂಕಣಿ. ಬಂದರಿನಲ್ಲಿ ಬ್ಯಾರಿ. ನಮಗೆ ಮಂಗಳೂರಿನವರಿಗೆ ಇದು ವಿಷಯವೇ ಅಲ್ಲ, ಎದುರಿನವರ ಮುಖ ನೋಡಿ ಭಾಷೆ ಬದಲಿಸುತ್ತೇವೆ. ಆದರೆ ಒಂದೊಂದು ಪದವನ್ನೂ ಬೆವರು ಸುರಿಸಿ ಕಲಿತವನಿಗೆ? ‘ಯಾರೂ ಜರ್ಮನ್ ಮಾತಾಡುವುದೇ ಇಲ್ಲ’ ಅಂದ ಹುಡುಗನ ಮುಖವೇ ಗ್ರೈನರ್‌ನ ಮುಖ ಅಂತ ನಾನು ಇಟ್ಟುಕೊಂಡಿದ್ದೇನೆ. ಗ್ರೈನರ್ ಮತ್ತೆ ಮೊದಲಿಂದ ಶುರು ಮಾಡಿ ತುಳು ಕಲಿತ. ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದ. ಅದನ್ನು ಅಚ್ಚು ಹಾಕಲು ಕನ್ನಡ ಲಿಪಿ ಬಳಸಿದರು. ನಾವು ಇವತ್ತು ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದರ ಹಿಂದೆ ಆ ಅಚ್ಚಿನ ಮೊಳೆಗಳ ಪಾಲೂ ಇದೆ. ಮುಂದೆ 1886ರಲ್ಲಿ ಮೆನ್ನರ್ ಎಂಬ ಇನ್ನೊಬ್ಬ ಪಾದ್ರಿ ತುಳು ನಿಘಂಟನ್ನೇ ತಂದರು.

ಹೆಬಿಕ್ ಮಾತ್ರ ಬೇರೆ ಜಾತಿ. ಭಾಷೆ ಕಲಿಯುವ ತಾಳ್ಮೆ ಅವನಿಗೆ ಇರಲಿಲ್ಲ. ತನ್ನದೇ ಒಂದು ಥರದ ಇಂಗ್ಲಿಷಿನಲ್ಲಿ ಕೂಗುವುದು, ಪಕ್ಕದಲ್ಲಿ ದುಭಾಷಿ ಅದನ್ನು ಹೇಳುವುದು. ಜಾತ್ರೆಗಳಿಗೆ ನುಗ್ಗಿ ಭಾಷಣ ಮಾಡಿ ಕಲ್ಲು, ಸೆಗಣಿ ಎಲ್ಲ ತಿಂದವನು. ನಮ್ಮೂರಿನ ಜಾತ್ರೆಗೆ ಯಾರೋ ಬಂದು ತೇರಿನ ಎದುರು ನಿಂತು ಇದೆಲ್ಲ ಸುಳ್ಳು ಅಂದರೆ ನಮ್ಮ ಮಾವನೂ ಕಲ್ಲು ಹುಡುಕುತ್ತಿದ್ದರು ಅನ್ನುವುದರಲ್ಲಿ ಸಂಶಯ ಇಲ್ಲ.

ಜಾತ್ರೆ, ಕಲ್ಲು ಇವೆಲ್ಲ ಕಥೆಯಾಗಿ ಉಳಿಯುತ್ತವೆ. ನನಗೆ ಕುತೂಹಲ ಇದ್ದದ್ದು ಉಳಿದ ದಿನಗಳ ಮೇಲೆ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುತ್ತಿದ್ದರು? ಉತ್ತರ ತೀರಾ ಸಪ್ಪೆ. ಮುನ್ಷಿಯ ಎದುರು ಕೂತು ಪಾಠ ಹೇಳಿಸಿಕೊಳ್ಳುತ್ತಿದ್ದರು. ಹೊಸದಾಗಿ ಬಂದವನ ಮೊದಲ ವರ್ಷಗಳೆಲ್ಲ ಹೆಚ್ಚುಕಡಿಮೆ ಅದೇ.

ಆ ಕೋಣೆಯನ್ನು ನಾನು ಬಹಳ ಸಲ ಕಲ್ಪಿಸಿಕೊಂಡಿದ್ದೇನೆ. ಊರಿಗೆ ದೇವರ ದಾರಿ ತೋರಿಸುತ್ತೇನೆ ಅಂತ ಬಂದ ಹುಡುಗ ಒಂದು ಕಡೆ. ಎದುರಿಗೆ ತಿಂಗಳ ಸಂಬಳಕ್ಕೆ ಬಂದ ಮುನ್ಷಿ, ಕಿವಿಯಲ್ಲಿ ಒಂಟಿ, ಹೆಗಲಲ್ಲಿ ಶಾಲು. ಮುನ್ಷಿ ‘ಳ’ ಅನ್ನುತ್ತಾರೆ. ಹುಡುಗ ‘ಲ’ ಅನ್ನುತ್ತಾನೆ. ಮುನ್ಷಿ ಮತ್ತೆ ‘ಳ’. ಹುಡುಗ ನಾಲಿಗೆ ಮಡಚಿ ಏನೋ ಒಂದು. ಹೊರಗೆ ಮಳೆ. ನನ್ನ ಜರ್ಮನ್ ಟೀಚರ್ ‘ಈ’ಗೂ ‘ಊ’ಗೂ ನಡುವಿನ ಒಂದು ಸ್ವರವನ್ನು ನನ್ನಿಂದ ಹೇಳಿಸಲು ತುಟಿಯ ಮುಂದೆ ಪೆನ್ಸಿಲ್ ಹಿಡಿದು ತೋರಿಸಿದ್ದರು. 25 ವರ್ಷದವಳು ಎಲ್‌ಕೆಜಿಗೆ ಹೋದ ಹಾಗಿತ್ತು. ಆಫೀಸಿನಲ್ಲಿ ನಾನು ಹೇಳಿದ್ದನ್ನು ಕೇಳುವ ನಾಲ್ಕು ಜನರಿದ್ದರು. ಅದೇ ಸಂಜೆ ಕ್ಲಾಸಿನಲ್ಲಿ ಬ್ರೆಡ್ಡು ಗಂಡೋ ಹೆಣ್ಣೋ ಗೊತ್ತಾಗದೆ ಪೆಚ್ಚಾಗಿ ಕೂತಿರುತ್ತಿದ್ದೆ. (ಎರಡೂ ಅಲ್ಲ, ಜರ್ಮನ್‌ನಲ್ಲಿ ಬ್ರೆಡ್ಡು ನಪುಂಸಕಲಿಂಗ.)

ಮುನ್ಷಿಯ ಮನಸ್ಸಿನಲ್ಲಿ ಏನಿತ್ತೋ. ಪಾಠ ಮುಗಿಸಿ ಮನೆಗೆ ಹೋಗಿ ಬಾವಿಕಟ್ಟೆಯಲ್ಲಿ ನಿಂತು ತಲೆಗೆ ನೀರು ಹೊಯ್ದುಕೊಂಡೇ ಒಳಗೆ ಹೋಗುತ್ತಿದ್ದರೋ ಏನೋ. ಹುಡುಗನಿಗೆ ಅದು ಗೊತ್ತಿತ್ತೋ. ಈ ಮುನ್ಷಿಗಳ ಮಾತು ಕೇಳಲು ನನಗೆ ಆಸೆ. ಅವರ ಡೈರಿ ಯಾರೂ ಇಟ್ಟಿಲ್ಲ.

ಪಾದ್ರಿಗಳ ಡೈರಿ, ವರದಿ ಮಾತ್ರ ರಾಶಿ ರಾಶಿ ಇವೆ. ಬರೆಯುವುದು ಅವರ ಕೆಲಸದ ಭಾಗ. ಬಾಸೆಲ್‌ನ ಕಮಿಟಿಗೆ ಬರೆಯಬೇಕು, ಒಪ್ಪಿಗೆಗೆ ಕಾಯಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಒಂದು ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತಿತ್ತು. ಜ್ವರ ಬಂದಿದೆ ಅಂತ ಬರೆದರೆ ಹುಷಾರಾಗು ಅನ್ನುವ ಉತ್ತರ ಬರುವಾಗ ಜ್ವರ ಬಿಟ್ಟಿರಬೇಕು, ಇಲ್ಲವೇ ಮನುಷ್ಯನೇ ಹೋಗಿರಬೇಕು.

ಈ ವರದಿಗಳ ಆಯ್ದ ಭಾಗಗಳು ಮಿಷನ್ನಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿಯ ಹೆಂಗಸರು ಓದುತ್ತಿದ್ದರು. 1855ರಿಂದ ವಾರಕ್ಕೆ ಅರ್ಧ ಬಾಟ್ಸೆನ್ ಅಂತ ಕಾಣಿಕೆ ಎತ್ತುವ ಕ್ರಮ ಶುರುವಾಯಿತು. ತೀರಾ ಚಿಲ್ಲರೆ ಕಾಸು. ಅಂಥ ಚಿಲ್ಲರೆಯಿಂದಲೂ ಇವರ ಸಂಸಾರ ನಡೆಯುತ್ತಿತ್ತು. ಕಾಸು ಕೊಟ್ಟವರಿಗೆ ಇಷ್ಟವಾಗುವ ಹಾಗೆ ಬರೆಯಬೇಕಲ್ಲ. ಹಾಗೆ ಬರೆದಿದ್ದಾರೆ. ಇಲ್ಲಿಯ ದೇವರು, ಭೂತ, ಹಬ್ಬ ಎಲ್ಲ ಕತ್ತಲು, ಸೈತಾನ. ಕೆಲವು ಪುಟ ಓದಿ ನನಗೆ ಸಿಟ್ಟು ಬಂತು. ನಾನು ಕ್ರಿಶ್ಚಿಯನ್ ಅಲ್ಲ, ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಭೂತಕ್ಕೆ ತಂಬಿಲ ಕೊಡುವವರು. ಪುಸ್ತಕ ಮುಚ್ಚಿಟ್ಟು ರೈನ್ ನದಿಯ ದಂಡೆಗೆ ನಡೆದುಕೊಂಡು ಹೋದೆ. ಕಿಟ್ಟೆಲ್ ನಿಘಂಟು ಮಾಡಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಇದನ್ನೆಲ್ಲ ಮರೆತುಬಿಡಿ ಅಂತ ಯಾರಿಗೂ ನಾನು ಹೇಳುವುದಿಲ್ಲ.

ಆದರೆ ಅದೇ ಮನುಷ್ಯರು ದಿನಾ ಇಲ್ಲಿಯ ಜನರ ನಡುವೆ ಇದ್ದರು. ವರದಿಯಲ್ಲಿ ಒಂದು ಬರೆದರೂ ಬೆಳಗಾದರೆ ಮಾತಾಡಬೇಕಾದದ್ದು ಇವರ ಹತ್ತಿರವೇ. ಮೋಗ್ಲಿಂಗ್‌ನನ್ನು ನೋಡಿ. 1836ರ ಕೊನೆಗೆ ಬಂದವನು, 25 ವರ್ಷ, ನನ್ನದೇ ವಯಸ್ಸು. ಮಂಗಳೂರಿನ ಬಲ್ಮಠದಲ್ಲಿ ಶಾಲೆಯ ಹುಡುಗರ ಜೊತೆಯೇ ಇದ್ದುಕೊಂಡು ಕಲಿಸಿದವನು. 1843ರ ಜುಲೈ 1ಕ್ಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ. ಊರಿನ ಸುದ್ದಿ, ಸರಕಾರದ ಹೊಸ ನಿರೂಪ, ಕಥೆ, ಜೊತೆಗೆ ಪುರಂದರದಾಸರ ಪದ! ಪಾದ್ರಿಯ ಪತ್ರಿಕೆಯಲ್ಲಿ ವಿಠಲನ ಹಾಡು. ಎಂಟೇ ತಿಂಗಳಿಗೆ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು, ಅದು ಬೇರೆ ಕಥೆ. ಆಮೇಲೆ ಹಳಗನ್ನಡ, ನಡುಗನ್ನಡದ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದ. ದೇವರ ವಾಕ್ಯ ಹೇಳಲು ಒಳ್ಳೆಯ ಕನ್ನಡ ಬೇಕು, ಒಳ್ಳೆಯ ಕನ್ನಡ ಕಾವ್ಯದಲ್ಲಿದೆ, ಕಾವ್ಯ ಓದಲು ಕೂತರೆ ಬಿಡಲು ಮನಸ್ಸಾಗುವುದಿಲ್ಲ. ಹೀಗೇ ಆಗಿರಬೇಕು ಅಂತ ನನ್ನ ಊಹೆ.

ಇದೇ ಮೋಗ್ಲಿಂಗ್ 1846ರಲ್ಲಿ ಊರಿಗೆ ಹೋಗುವಾಗ ಮಂಗಳೂರಿನ ಒಬ್ಬ ಹುಡುಗನನ್ನು ಬಾಸೆಲ್‌ಗೆ ಕರೆದುಕೊಂಡು ಹೋದ. ಆನಂದರಾವ್ ಕೌಂಡಿನ್ಯ. ಬ್ರಾಹ್ಮಣರ ಮನೆಯ ಹುಡುಗ, ಮಿಷನ್ನಿನ ಇಂಗ್ಲಿಷ್ ಶಾಲೆಗೆ ಹೋದವನು, 1844ರಲ್ಲಿ ಕ್ರಿಶ್ಚಿಯನ್ ಆದ. ಊರಿಗೆ ಊರೇ ಎದ್ದು ನಿಂತಿತ್ತು. ಐದು ವರ್ಷ ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ ದೀಕ್ಷೆ ಪಡೆದು, 1851ರಲ್ಲಿ ಮಂಗಳೂರಿಗೆ ವಾಪಸ್ಸು ಬಂದ. ಮುಂದೆ ಒಬ್ಬ ಜರ್ಮನ್ ಹುಡುಗಿ ಅಷ್ಟು ದೂರದಿಂದ ಬಂದು ಅವನನ್ನು ಮದುವೆಯಾದಳು.

ಬಾಸೆಲ್‌ನಲ್ಲಿ ಈ ಹುಡುಗನ ಯೋಚನೆ ನನ್ನನ್ನು ಬಿಡಲೇ ಇಲ್ಲ. ನನ್ನ ರೂಮಿನಿಂದ ಪೇಟೆಗೆ ನಡೆದು ಹೋಗುವ ದಾರಿಯಲ್ಲಿ ಸ್ಪಾಲೆನ್‌ಟೋರ್ ಅಂತ ಹಳೇ ಕೋಟೆ ಬಾಗಿಲಿದೆ. ಅದರಡಿಯಲ್ಲಿ ಅವನೂ ದಾಟಿರಬೇಕು. ಮೊದಲ ಚಳಿಗಾಲದಲ್ಲಿ ಒಂದು ಸಂಜೆ ನಾಲ್ಕೂವರೆಗೇ ಕತ್ತಲಾಗಿ, ಕೈಯ ಬೆರಳು ಮರಗಟ್ಟಿ, ಬ್ರೆಡ್ಡಿನ ಚೀಲ ಹಿಡಿದುಕೊಂಡು ಆ ಬಾಗಿಲಡಿ ನಿಂತು ನಾನು ಅತ್ತಿದ್ದೆ. ಕಾರಣ ಇಷ್ಟೇ. ಕುಚ್ಚಲಕ್ಕಿ ಗಂಜಿ ತಿನ್ನಬೇಕು ಅನಿಸಿತ್ತು, ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಜೊತೆ. ನನಗೆ ಫೋನು ಇತ್ತು. ಜ್ಯೂರಿಕ್‌ಗೆ ರೈಲಿನಲ್ಲಿ ಹೋದರೆ ಇಂಡಿಯನ್ ಅಂಗಡಿ ಇತ್ತು. 1846ರಲ್ಲಿ ಅವನಿಗೆ ಅಲ್ಲಿ ಏನಿತ್ತು? ಮನೆಯವರ ಪಾಲಿಗೆ ಆಗಲೇ ಸತ್ತಿದ್ದವನು. ಕಾಗದ ಬರೆಯಲೂ ಯಾರಿದ್ದರು. ಇಡೀ ಊರಿನಲ್ಲಿ ಅವನ ಹತ್ತಿರ ಕನ್ನಡದಲ್ಲಿ ಮಾತಾಡಬಲ್ಲವರೆಂದರೆ ರಜೆಗೆ ಬಂದ ಪಾದ್ರಿಗಳು. ಬಾಸೆಲ್‌ನಲ್ಲಿ ಪರದೇಶಿಯಾಗಿ ಪಾದ್ರಿತನ ಕಲಿತ ಮಂಗಳೂರಿನ ಹುಡುಗ, ಮಂಗಳೂರಿಗೆ ಬಂದರೆ ಅಲ್ಲೂ ಪರದೇಶಿ.

ಮದುವೆಯ ವಿಷಯ ಹೇಳಿದೆನಲ್ಲ. ಹೊರಡುವಾಗ ಹುಡುಗರು ಮದುವೆಯಾಗಿರಬಾರದು. ಕೆಲವು ವರ್ಷ ದುಡಿದ ಮೇಲೆ ಕಮಿಟಿಗೆ ಅರ್ಜಿ ಹಾಕಬೇಕು. ಕಮಿಟಿ ಒಪ್ಪಿದರೆ ಊರಿನಲ್ಲಿ ಹೆಣ್ಣು ನೋಡುತ್ತಾರೆ. ಹುಡುಗಿ ಹಡಗು ಹತ್ತಿ ಬರುತ್ತಾಳೆ. ಎಷ್ಟೋ ಸಲ ಗಂಡನ ಮುಖ ಮೊದಲು ನೋಡುವುದು ಇಲ್ಲಿಗೆ ಬಂದಿಳಿದ ಮೇಲೆ. ನಮ್ಮ ಅರೇಂಜ್ಡ್ ಮ್ಯಾರೇಜ್ ಬಗ್ಗೆ ಆಫೀಸಿನಲ್ಲಿ ಯಾರೋ ಕಣ್ಣರಳಿಸಿ ಕೇಳಿದಾಗ ನಾನು ಈ ಕಥೆ ಹೇಳಿದೆ. ನಿಮ್ಮ ಮುತ್ತಜ್ಜಿಯರ ಕಾಲಕ್ಕೆ ಹೋಗಿ ನೋಡಿ ಅಂದೆ. ಕಿಟ್ಟೆಲ್‌ಗೆ 1860ರಲ್ಲಿ ಮದುವೆಯಾಯಿತು. ಕೆಲವೇ ವರ್ಷಕ್ಕೆ ಹೆಂಡತಿ ತೀರಿಕೊಂಡಳು. ಆಮೇಲೆ ಅವಳ ಒಡಹುಟ್ಟಿದವಳನ್ನೇ ಮದುವೆಯಾದ. ನಮ್ಮ ಹಳ್ಳಿಗಳಲ್ಲೂ ಮಕ್ಕಳು ಸಣ್ಣವರಿದ್ದರೆ ಹೀಗೆಯೇ ಮಾಡುತ್ತಿದ್ದರು.

ಮಕ್ಕಳ ವಿಷಯ ಇನ್ನೂ ಕಷ್ಟ. ಶಾಲೆಗೆ ಹೋಗುವ ವಯಸ್ಸಾದ ಕೂಡಲೇ ಅವರನ್ನು ಬಾಸೆಲ್‌ಗೆ ಕಳಿಸಿಬಿಡುತ್ತಿದ್ದರು. ಮಿಷನ್ನಿನ ಮಕ್ಕಳ ಮನೆಯಲ್ಲಿ ಬೆಳೆಯಬೇಕು. ಅಪ್ಪ ಅಮ್ಮನನ್ನು ಮತ್ತೆ ನೋಡುವುದು ಎಷ್ಟೋ ವರ್ಷದ ಮೇಲೆ. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಅವರ ಮಗಳು ಮಾರಿ 1842ರಲ್ಲಿ ಹುಟ್ಟಿದ್ದು ಕೇರಳದಲ್ಲಿ. ಅವಳನ್ನೂ ಸಣ್ಣವಳಿರುವಾಗಲೇ ಯುರೋಪಿಗೆ ಕಳಿಸಿದ್ದರು. ಮುಂದೆ ಅವಳ ಮಗ ಹರ್ಮನ್ ಹೆಸ್ಸೆ ದೊಡ್ಡ ಕಾದಂಬರಿಕಾರನಾದ. ಅದೆಲ್ಲ ಸರಿ. ಹಡಗಿನ ಕಟ್ಟೆಯ ಮೇಲೆ ಆರು ವರ್ಷದ ಮಗುವಿನ ಕೈ ಬಿಟ್ಟ ಅಮ್ಮನ ರಾತ್ರಿಗಳು ಹೇಗಿದ್ದವೋ.

ಮಿಷನ್ ಮನೆಗೆ ಎರಡನೇ ಸಲ ಹೋದಾಗ ಸಂಗ್ರಹಾಲಯದ ಒಬ್ಬ ಹಿರಿಯ ಹೆಂಗಸು ಕೆಲವು ಹಳೇ ಕಾಗದ ತೋರಿಸಿದರು. ಹಳೇ ಜರ್ಮನ್ ಕೈಬರಹ, ಬಾಚಣಿಗೆಯ ಹಲ್ಲು ಸಾಲಾಗಿ ನಿಂತ ಹಾಗೆ. ಈಗಿನ ಜರ್ಮನರಿಗೂ ಓದಲು ಬರುವುದಿಲ್ಲ. ನಾನು ಪುಟದ ಮೇಲೆ ಬೆರಳು ತಾಗಿಸದೆ ಸವರುತ್ತ ಹೋದೆ. ಒಂದು ಪದ ಮಾತ್ರ ಥಟ್ಟನೆ ಕಂಡಿತು, ಮಂಗಳೂರು. ಅಷ್ಟೇ.

ಆಮೇಲೆ ಅವರು ಒಂದು ಸಣ್ಣ ಪುಸ್ತಕ ತಂದಿಟ್ಟರು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಕನ್ನಡ ಶಾಲಾ ಪುಸ್ತಕ. ಅಂಚು ಹಳದಿ, ಹೊಲಿಗೆ ಸಡಿಲ. ಇದು ನಿಮಗೆ ಓದಲು ಬರುತ್ತದಾ ಅಂತ ಕೇಳಿದರು. ಬರುತ್ತದೆ ಅಂದೆ. ಓದಿ ಅಂದರು. ಗಟ್ಟಿಯಾಗಿ ಓದಿದೆ, ಎರಡು ಮೂರು ಸಾಲು, ದನದ ಬಗ್ಗೆ ಏನೋ ಪಾಠ. ಹಸು ಹಾಲು ಕೊಡುತ್ತದೆ ಅನ್ನುವ ಥರದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವರ್ಷಗಟ್ಟಲೆ ಈ ಪುಸ್ತಕಗಳನ್ನು ಎತ್ತಿಡುತ್ತಿದ್ದೇನೆ, ಧೂಳು ಒರೆಸುತ್ತಿದ್ದೇನೆ, ಇದರ ಶಬ್ದ ಹೇಗಿರುತ್ತದೆ ಅಂತ ಕೇಳಿಯೇ ಇರಲಿಲ್ಲ ಅಂದರು. ಇನ್ನೊಮ್ಮೆ, ಸ್ವಲ್ಪ ನಿಧಾನ ಅಂದರು. ನಾನು ದನದ ಪಾಠವನ್ನು ಮತ್ತೆ ಓದಿದೆ, ಈ ಸಲ ಟೀಚರ ಹಾಗೆ ಬಿಡಿಸಿ ಬಿಡಿಸಿ.

ಊರಿಗೆ ವಾಪಸ್ಸು ಬಂದ ಮೇಲೆ ಕಿಟ್ಟೆಲ್ ನಿಘಂಟನ್ನು ಹೊಸ ಕಣ್ಣಿನಿಂದ ನೋಡಲು ಶುರು ಮಾಡಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಸುಮಾರು 70,000 ಪದ. ಪದಗಳ ಪಕ್ಕದಲ್ಲಿ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲೆಲ್ಲ ಅವನ್ನು ದಾಟಿಕೊಂಡು ಅರ್ಥಕ್ಕೆ ಹೋಗುತ್ತಿದ್ದೆ. ಈಗ ಅವನ್ನೇ ಓದುತ್ತೇನೆ. ‘ಎಂ ವೈ’ ಅಂದರೆ ಮೈಸೂರು ಕಡೆಯ ಮಾತು. ‘ಎಸ್ ಎಂಎಚ್‌ಆರ್’ ಅಂದರೆ ಧಾರವಾಡ, ಹುಬ್ಬಳ್ಳಿ ಕಡೆಯದು. ಆ ಸೀಮೆಯನ್ನು ಆಗ ಇಂಗ್ಲಿಷರು ದಕ್ಷಿಣ ಮರಾಠಾ ದೇಶ ಅನ್ನುತ್ತಿದ್ದರು. ಇನ್ನೊಂದು ಗುರುತು ಗಾದೆಗೆ. ಅಂದರೆ ಪ್ರತಿ ಗುರುತಿನ ಹಿಂದೆ ಒಂದು ಬಾಯಿ ಇದೆ. ಯಾರೋ ಹುಬ್ಬಳ್ಳಿಯ ಕಡೆ ಒಂದು ಮಾತು ಆಡಿದ್ದಾರೆ, ಅದು ಕಿವಿಗೆ ಬಿದ್ದಿದೆ, ಚೀಟಿಗೆ ಇಳಿದಿದೆ.

21ರ ಹುಡುಗ ಆ ಕಡೆಯೆಲ್ಲ ಹಳ್ಳಿ ಹಳ್ಳಿ ನಡೆದವನು. ಇಲ್ಲಿಯವರ ಹಾಗೇ ಬದುಕಬೇಕು ಅಂತ ಹಟ ಹಿಡಿದವನು. ಮಿಷನ್ನಿನ ದೊಡ್ಡವರಿಗೆ ಅದು ಹಿಡಿಸಲಿಲ್ಲ. ಪ್ರಚಾರಕ್ಕಿಂತ ಭಾಷೆಯ ಮೇಲೆಯೇ ಜಾಸ್ತಿ ಜೀವ ಅಂತ ಅಸಮಾಧಾನ. ಅದು ಸುಳ್ಳೂ ಅಲ್ಲ ಅನ್ನಿ. 50 ದಾಟಿದ ಮೇಲೆ ನಿಘಂಟಿಗೋಸ್ಕರ ಮತ್ತೆ ಜರ್ಮನಿ ಬಿಟ್ಟು ಬಂದರು. ಇಲ್ಲಿ ನನಗೆ ಗೊತ್ತಿಲ್ಲದ ಹಾಗೆ ಬಹುವಚನ ಬಂತು ನೋಡಿ. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಬಾಸೆಲ್ ಬಿಡುವ ಹಿಂದಿನ ವಾರ ಆ ಮೊಡವೆಯ ಹುಡುಗ ಇನ್ನೊಮ್ಮೆ ಸಿಕ್ಕಿದ್ದ, ಸ್ಪಾಲೆನ್‌ಟೋರ್ ಸ್ಟಾಪಿನಲ್ಲಿ. ಮೊಡವೆ ಕಡಿಮೆಯಾಗಿತ್ತು. ಜೊತೆಯವನು ಬೇರೆ, ಅವರಲ್ಲಿ ಆಗಾಗ ಜೋಡಿ ಬದಲಿಸುತ್ತಾರೆ. ಇಬ್ಬರೂ ಒಬ್ಬ ಮುದುಕಿಯ ಸಾಮಾನಿನ ಕೈಗಾಡಿಯನ್ನು ಟ್ರಾಮಿನಿಂದ ಇಳಿಸಿ ಕೊಡುತ್ತಿದ್ದರು. ಅಜ್ಜಿ ಏನೋ ಅಂದರು, ಬಾಸೆಲ್ ಜರ್ಮನ್‌ನಲ್ಲಿ. ಹುಡುಗ ಅದೇ ಪದವನ್ನು ಹೇಳಿ ನೋಡಿದ. ಅಜ್ಜಿ ತಲೆಯಲ್ಲಾಡಿಸಿ ತಿದ್ದಿದರು. ಮತ್ತೆ ಹೇಳಿದ. ಮತ್ತೆ ತಿದ್ದಿದರು. ಮೂರನೇ ಸಲ ಸರಿಯಾಯಿತು ಅಂತ ಕಾಣುತ್ತದೆ, ಅಜ್ಜಿ ಅವನ ತೋಳು ತಟ್ಟಿದರು.

ಹುಡುಗ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು, ಇದನ್ನು ಬರೆಯುವುದು ಹೇಗೆ ಅಂತ ಕೇಳಿದ.

“ಇದನ್ನು ನಾವು ಬರೆಯುವುದಿಲ್ಲಪ್ಪ, ಸುಮ್ನೆ ಮಾತಾಡ್ತೇವೆ ಅಷ್ಟೇ” ಅಂದ ಹಾಗಿತ್ತು ಅಜ್ಜಿಯ ಉತ್ತರ. ನನಗೂ ಅಷ್ಟರಲ್ಲಿ ಅಲ್ಪಸ್ವಲ್ಪ ಅರ್ಥವಾಗುತ್ತಿತ್ತು.

ಹುಡುಗ ಪೆನ್ನು ಹಿಡಿದು ಒಂದು ಗಳಿಗೆ ನಿಂತ. ನೋಟ್‌ಬುಕ್ಕನ್ನು ಟ್ರಾಮ್ ಸ್ಟಾಪಿನ ಗಾಜಿಗೆ ಒತ್ತಿ ಹಿಡಿದು, ಬಾಯಲ್ಲಿ ಆ ಪದ ಹೇಳಿಕೊಳ್ಳುತ್ತ, ಬರೆದುಕೊಂಡ.